ಸ್ಟಾರ್ಟಪ್ ಬೆನ್ನು ಹತ್ತಿ ಬೆಂಗಳೂರಿಗೆ ಹೋಗೂದಾ?

ತಂಗಿ, ನಿನ್ನ ಪ್ರಶ್ನಿ ಓದಿದೆ. ಯಜಮಾನ್ರಿಗೆ ಬೆಂಗಳೂರಿನ ಸ್ಟಾರ್ಟಪ್ಪಿನಾಗ ಕೆಲಸ ಸಿಕ್ಕೈತಿ, ಮಗಳು ಮೂರನೇ ಇಯತ್ತೆ, ಪುಣೆಯ ವಾಕಡದಾಗಿನ ಮನಿ ಬಿಟ್ಟು ಹೋಗೂದೋ ಬ್ಯಾಡೋ ಅಂತ ಕೇಳೀಯಿ. ಹೋದ್ರ ಹುಡುಗಿಗೆ ಕನ್ನಡಾನೂ ಬರತೈತಿ ಅಂದೀಯಲ್ಲ, ಅದಕ್ಕ ಅಷ್ಟ ನನ್ನ ತಕರಾರು.

ಕೆಲಸದ ಮಾತು ಮೊದಲ ಮುಗಿಸ್ತೀನಿ. ನಿನ್ನ ಪ್ರಶ್ನಿಗೆ ಉತ್ತರ ಕೊಟ್ಟವರೊಬ್ಬರು "ಪುಣೆದಾಗ ಏನೈತಿ" ಅಂದ್ರು. ಸಾಫ್ಟ್‌ವೇರ್ ಕಂಪನಿ ಪರ್ಸಿಸ್ಟೆಂಟ್ 1990ರಾಗ ಇಲ್ಲೇ ಶುರುವಾತು, ಮಕ್ಕಳ ಸಾಮಾನು ಮಾರೂ ಫಸ್ಟ್‌ಕ್ರೈ 2010ರಾಗ. ಅಷ್ಟ್ಯಾಕ, ಇನ್ಫೋಸಿಸ್ 1981ರಾಗ ಹುಟ್ಟಿದ್ದು ಪುಣೆದಾಗ, 1983ಕ್ಕ ಬೆಂಗಳೂರು ಸೇರಿತು. (ನಮ್ಮ ಮಾವನವರು ಇದನ್ನ ಮಗಳನ್ನ ಗಂಡನ ಮನಿಗೆ ಕಳಿಸಿದಂಗ ಹೇಳ್ತಾರ.) ಆದ್ರ ಒಂದು ಕಂಪನಿ ಮುಚ್ಚಿದ್ರ ಇನ್ನೊಂದು ಸಿಗೂದು, ಫ್ಲಿಪ್‌ಕಾರ್ಟ್ ಬಿಟ್ಟವರು 2015ರಾಗ ಫೋನ್‌ಪೇ ಕಟ್ಟಿದಂಗ ಒಂದರ ಹೊಟ್ಟಿಯಿಂದ ಇನ್ನೊಂದು ಹುಟ್ಟೂದು, ಅದು ಬೆಂಗಳೂರಿನಾಗ ಹೆಚ್ಚು. ಒಪ್ಕೋತೀನಿ.

ಕನ್ನಡದ ಮಾತಿಗೆ ಬರ್ತೀನಿ. ನಾವೂ ಹೋಗಿದ್ವಿ. ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಾಗ ಹದಿನಾಲ್ಕು ತಿಂಗಳು. ಮಗಗ ಆಗ ಎಂಟು ವರ್ಷ. ಸಂಜಿಗೆ ಕೆಳಗ ಆಡೂ ಹುಡುಗ್ರದೆಲ್ಲ ಹಿಂದಿ, ಇಂಗ್ಲಿಷು. ಸಾಲ್ಯಾಗ ಕನ್ನಡ ಇತ್ತು, ಅಲ್ಲಿ ಅದಕ್ಕ ಕಾಯ್ದೆನೇ ಐತಿ. ಆದ್ರ ಒಂದಿನ ಇವ ಕ್ಲಾಸಿನಾಗ "ಹೋಗೂಣು ಬರ್ರಿ" ಅಂದಿದ್ದಕ್ಕ ಎಲ್ಲಾರೂ ನಕ್ಕರಂತ. ಮನಿಗೆ ಬಂದು, "ಅವ್ವಾ, ನಾವು ಮಾತಾಡೂದು ಕನ್ನಡ ಅಲ್ಲಂತಲ್ಲ?" ಅಂದ. ಅವತ್ತಿಂದ ನಮ್ಮ ಕೂಡನೂ ಇಂಗ್ಲಿಷಿನಾಗ ಉತ್ತರ ಕೊಡಾಕ ಶುರುಮಾಡಿದ. ವಿಜಾಪುರದಿಂದ ಬಂದ ನನಗ ಎಷ್ಟು ಉರೀತು ಅಂತ ಹೇಳಬೇಕಿಲ್ಲ.

ನಾವು ಯಾವ ಕಂಪನಿ ಕೆಲಸಕ್ಕ ಹೋಗಿದ್ವೋ ಅದು ಮುಚ್ಚಿತು, ತಿರುಗಿ ಪುಣೆಗೆ ಬಂದ್ವಿ. ಇಲ್ಲಿ 2020ರ ಕಾಯ್ದೆ ಪ್ರಕಾರ ಸಾಲ್ಯಾಗ ಮರಾಠಿ ಕಲೀಲೇಬೇಕು, ಕಲಿತ. ಆದ್ರ ಕನ್ನಡಕ್ಕ ನಗೋರು ಯಾರೂ ಇಲ್ಲ, ಅದು ಮನಿಯೊಳಗಿನ ಗುಟ್ಟಿನ ಭಾಷಾ ಆತು. ಬಸ್ಸಿನಾಗ ಮಂದಿ ಬಗ್ಗೆ ಏನರೆ ಅನ್ನೂದಿದ್ರ ಕನ್ನಡದಾಗ ಅಂತಾನ. (ಪಕ್ಕದವರು ಕಲಬುರ್ಗಿಯವರು ಇದ್ದು ಒಮ್ಮೆ ಸಿಕ್ಕಿಬಿದ್ದಾನ.) ಅಜ್ಜಿಗೆ ವಾಟ್ಸಾಪಿನಾಗ ಮರಾಠಿ ಅಕ್ಷರದಾಗ ಕನ್ನಡ ಬರೀತಾನ. ಅಜ್ಜಿ ಸೊಲ್ಲಾಪುರದಾಕಿ, ಸರಾಗ ಓದ್ತಾಳ, ಉತ್ತರ ಮಾತ್ರ ಕನ್ನಡ ಅಕ್ಷರದಾಗ ಕೊಡ್ತಾಳ. ಅದನ್ನ ಓದೂದಕ್ಕಾದರೂ ಒತ್ತಕ್ಷರ ಕಲಿಯಾಕತ್ತಾನ.

ಹೋಗೂದಾದ್ರ ಕೆಲಸಕ್ಕಂತ ಹೋಗ್ರಿ, ಕನ್ನಡದ ನೆಪ ಬ್ಯಾಡ. ಷೇರು ಕೊಡ್ತೀವಿ ಅಂದ್ರ ಅದನ್ನ ಪಗಾರದಾಗ ಹಿಡೀಬ್ಯಾಡ್ರಿ, ಕೈಗೆ ಬರೂ ರೊಕ್ಕದ ಮ್ಯಾಲೆ ಲೆಕ್ಕ ಹಾಕ್ರಿ. ಆಫೀಸು ದೂರಾದ್ರೂ ರಾಜಾಜಿನಗರ, ವಿಜಯನಗರದ ಕಡೆ ಮನಿ ನೋಡ್ರಿ, ಓಣ್ಯಾಗ ಕನ್ನಡ ಕಿವಿಗೆ ಬೀಳತೈತಿ. ವಾಕಡದ ಮನಿ ಈಗ ಮಾರಬ್ಯಾಡ್ರಿ, ಬಾಡಿಗೆ ಕೊಡ್ರಿ. ಹುಬ್ಬಳ್ಳಿ ಕಡೆಯವರು ಒಬ್ಬರು ಅಲ್ಲೇ ಮನಿ ಹುಡುಕಾಕತ್ತಾರ, ಬೇಕಂದ್ರ ಹೇಳು.