‘ಬ್ಲಾಂಡ್’ ಕೂದಲಿಗೆ ಕನ್ನಡದಲ್ಲಿ ಏನೆನ್ನಬೇಕು: ಕೆಂಚೋ, ಹೊನ್ನೋ?

ಪ್ರಶ್ನೆ: ಗಂಗಾವತಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಐದನೆಯ ತರಗತಿಯ ಮಕ್ಕಳಿಗಾಗಿ ಇಂಗ್ಲಿಷಿನ ಒಂದು ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಥೆಯ ಹುಡುಗಿ ಸ್ವೀಡನ್ನಿನವಳು. ಅವಳ ಕೂದಲನ್ನು ಮೂಲ ಲೇಖಕರು ಒಮ್ಮೆ ‘ಬ್ಲಾಂಡ್’ ಎಂದೂ ಇನ್ನೊಮ್ಮೆ ‘ಫೇರ್’ ಎಂದೂ ಕರೆದಿದ್ದಾರೆ. ‘ಬಿಳಿ ಕೂದಲು’ ಎಂದು ಬರೆದರೆ ಮಕ್ಕಳ ಕಣ್ಣಮುಂದೆ ತಲೆ ನರೆತ ಅಜ್ಜಿ ಬರುತ್ತಾಳೆ. ‘ಬಂಗಾರದ ಕೂದಲು’ ಎಂದು ಓದಿದಾಗ, ಇದು ರಾಜಕುಮಾರಿಯ ಕಥೆಯೇ ಎಂದು ಕೇಳಿದರು. ‘ಕೆಂಚು ಕೂದಲು’ ಎಂದ ಕೂಡಲೇ ಎಲ್ಲರಿಗೂ ತಿಳಿಯಿತು. ಆದರೆ ಓಣಿಯವರಿಂದ ‘ಕೆಂಚಿ’ ಎನ್ನಿಸಿಕೊಳ್ಳುವ ಹುಡುಗಿಯೊಬ್ಬಳು ತರಗತಿಯಲ್ಲಿಯೇ ಇದ್ದಳು, ಅವಳು ತಲೆ ತಗ್ಗಿಸಿಬಿಟ್ಟಳು. ಆನೆಗೊಂದಿಗೆ ಬರುವ ವಿದೇಶಿ ಪ್ರವಾಸಿಗರನ್ನು ನೋಡುತ್ತಲೇ ಬೆಳೆದ ಈ ಮಕ್ಕಳಿಗೆ ಆ ಬಣ್ಣವೇನೂ ಹೊಸದಲ್ಲ. ಯಾರನ್ನೂ ನೋಯಿಸದ, ಅರ್ಥವೂ ಸರಿಯಾಗಿರುವ ಪದ ಯಾವುದೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಬಳ್ಳಾರಿಯ ನಿವೃತ್ತ ಕನ್ನಡ ಅಧ್ಯಾಪಕ

ಮೇಡಂ, ಮೊದಲು ‘ಕೆಂಚು’ ಪದಕ್ಕೆ ನ್ಯಾಯ ಸಲ್ಲಬೇಕು. ಅದು ಬೈಗುಳವಾಗಿ ಹುಟ್ಟಿದ ಪದವಲ್ಲ. ‘ಕೆಂಪು’ ಎಂಬುದರ ಬಳಗಕ್ಕೆ ಸೇರಿದ ಇದು ಕೆಂಪು ಬೆರೆತ ಕಂದು ಬಣ್ಣವನ್ನು ಹೇಳುತ್ತದೆ. ನಮ್ಮ ಊರುಗಳಲ್ಲಿ ಕೆಂಚಪ್ಪ, ಕೆಂಚಮ್ಮ ಎಂದು ಮಕ್ಕಳಿಗೆ ಅಕ್ಕರೆಯಿಂದ ಹೆಸರಿಟ್ಟಿದ್ದಾರೆ. ಕೆಂಚಮ್ಮ ಎಂಬುದು ಗ್ರಾಮದೇವತೆಯ ಹೆಸರೂ ಹೌದು. ಶಿವನ ಜಡೆಯನ್ನು ನಮ್ಮ ಹಳೆಯ ಕವಿಗಳು ‘ಕೆಂಜೆಡೆ’ ಎಂದು ಭಕ್ತಿಯಿಂದ ಹಾಡಿದರು. ಸಂಸ್ಕೃತದಿಂದ ಬಂದ ಪಿಂಗಳ, ಕಪಿಲ ಎಂಬ ಪದಗಳೂ ಹೆಚ್ಚುಕಡಿಮೆ ಇದೇ ಬಣ್ಣದವು. ‘ಕಪಿಲ’ ಎಂದರೆ ಕಪಿಯ ಬಣ್ಣದ್ದು ಎಂದು ನಿಘಂಟುಗಳು ಬಿಡಿಸುತ್ತವೆ. ಕಿಷ್ಕಿಂಧೆಯ ನೆಲದಲ್ಲಿ ಪಾಠ ಹೇಳುವ ತಮಗೆ ಈ ಸಂಗತಿ ಪ್ರಿಯವಾದೀತು.

ಹೀಗಿದ್ದರೂ ತಮ್ಮ ಕಥೆಯ ಹುಡುಗಿಗೆ ‘ಕೆಂಚು’ ಹೊಂದುವುದಿಲ್ಲ, ಏಕೆಂದರೆ ‘ಬ್ಲಾಂಡ್’ ಎಂಬುದರಲ್ಲಿ ಹಳದಿಯೇ ಮುಖ್ಯ, ಕೆಂಪಲ್ಲ. ‘ಫೇರ್’ ಎಂದರೂ ಇಲ್ಲಿ ತಿಳಿಬಣ್ಣವೆಂದೇ ಅರ್ಥ; ಚೆಲುವು, ಬಿಳುಪು ಎರಡನ್ನೂ ಅದರೊಳಗೆ ಎಳೆದು ತರಬಾರದು. ನನ್ನ ಆಯ್ಕೆ ‘ಹೊಂಗೂದಲು’. ಹೊಂಬಣ್ಣ, ಹೊಂಗಿರಣ ಇವುಗಳ ಜಾಡಿನಲ್ಲಿಯೇ ಅದು ಸಹಜವಾಗಿ ಕೂಡಿಕೊಳ್ಳುತ್ತದೆ. ‘ಬಂಗಾರದ ಕೂದಲು’ ಎಂದಾಗ ಬರುವ ಲೋಹದ ಭಾವ ಇದರಲ್ಲಿ ಅಷ್ಟಾಗಿ ಇಲ್ಲ.

ಉತ್ತರ: ರಾಯಚೂರಿನ ಓದುಗ

ನಮ್ಮ ಕಡೆಯ ಬಳಕೆಯೊಂದನ್ನು ಸೇರಿಸುತ್ತೇನೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ಮಾತಿನಲ್ಲಿ ಉರ್ದು ಹಾಸುಹೊಕ್ಕಾಗಿದೆ. ಉರ್ದುವಿನ ‘ಭೂರಾ’ ಎಂಬ ಪದ ಕಂದು ಬಣ್ಣಕ್ಕೂ ಸಲ್ಲುತ್ತದೆ, ಯುರೋಪಿನವರ ತಿಳಿಗೂದಲಿಗೂ ಸಲ್ಲುತ್ತದೆ; ಚಿನ್ನದ ಹೊಳಪಿದ್ದರೆ ‘ಸುನಹರಾ’ ಎಂದು ಬೇರೆಯಾಗಿಯೇ ಹೇಳುತ್ತಾರೆ. ಎರಡು ಬಣ್ಣಗಳಿಗೆ ಎರಡು ಪದಗಳಿರಬೇಕೆಂಬ ಅಧ್ಯಾಪಕರ ಮಾತಿಗೆ ಇದು ಇಂಬು ಕೊಡುತ್ತದೆ ಎಂದು ನನ್ನ ಎಣಿಕೆ.

ಉತ್ತರ: ಸಿಂಧನೂರಿನ ಆರೋಗ್ಯ ಕಾರ್ಯಕರ್ತೆ

ಅಕ್ಕಾ, ಆ ಹುಡುಗಿ ಏಕೆ ತಲೆ ತಗ್ಗಿಸಿದಳು ಎಂಬುದನ್ನು ನಾನು ಬೇರೆ ದಿಕ್ಕಿನಿಂದ ನೋಡುತ್ತೇನೆ. ನಮ್ಮಲ್ಲಿ ‘ಕೂದಲು ಕೆಂಚಾಗಿದೆ’ ಎಂದರೆ ಬಣ್ಣದ ಮಾತು ಅರ್ಧ. ಎಣ್ಣೆ ಕಂಡಿಲ್ಲ, ಬಿಸಿಲಿನಲ್ಲಿ ಒಣಗಿದೆ, ಮನೆಯವರು ನೋಡಿಕೊಂಡಿಲ್ಲ ಎಂಬುದು ಉಳಿದರ್ಧ. ಕೆಲವೊಮ್ಮೆ ಅದರ ಹಿಂದೆ ಹಸಿವೂ ಇರುತ್ತದೆ. ಪ್ರೋಟೀನ್ ಕೊರತೆಯ ತೀವ್ರ ಅಪೌಷ್ಟಿಕತೆಯಾದ ಕ್ವಾಷಿಯೋರ್ಕರ್ ಬಂದ ಮಕ್ಕಳಲ್ಲಿ ಕಾಲು ಬಾತುಕೊಳ್ಳುತ್ತದೆ, ಕಪ್ಪು ಕೂದಲು ತೆಳ್ಳಗಾಗಿ ಕೆಂಚು ಬಣ್ಣಕ್ಕೆ ತಿರುಗುತ್ತದೆ. ಊಟ ಸರಿಹೋಗಿ ಮತ್ತೆ ಕೊರತೆಯಾದರೆ ಒಂದೇ ಎಳೆಯಲ್ಲಿ ಕಪ್ಪು ಮತ್ತು ತಿಳಿ ಬಣ್ಣದ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಹುಟ್ಟಿನಿಂದಲೇ ಕೆಂಚಗಿರುವ ಆರೋಗ್ಯವಂತ ಮಕ್ಕಳೂ ಇದ್ದಾರೆ, ಆದ್ದರಿಂದ ಬಣ್ಣವೊಂದನ್ನೇ ನೋಡಿ ಏನನ್ನೂ ತೀರ್ಮಾನಿಸಬಾರದು. ಆದರೂ ಆ ಮಗುವಿನ ತೂಕವನ್ನು ಒಮ್ಮೆ ಶಾಲಾ ತಪಾಸಣೆಯಲ್ಲಿ ನೋಡಿಸಿರಿ.

ಸ್ವೀಡನ್ನಿನ ಹುಡುಗಿಯದು ಕೊರತೆಯಲ್ಲ, ಅನುವಂಶಿಕ ಗುಣ. ಕೂದಲಿನ ಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದಿಂದ ಬರುತ್ತದೆ. ಅದರಲ್ಲಿ ಕಪ್ಪು–ಕಂದು ಕೊಡುವ ಯೂಮೆಲನಿನ್ ಬಹಳ ಕಡಿಮೆಯಿದ್ದಾಗ ಕೂದಲು ಹೊಂಬಣ್ಣಕ್ಕೆ ಬರುತ್ತದೆ. ಇದು ಬಿಳಿಯರಿಗೆ ಮಾತ್ರ ಮೀಸಲೆಂದು ಮಕ್ಕಳು ತಿಳಿಯದಿರಲಿ: ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲಿ ಕಪ್ಪು ಮೈಬಣ್ಣದ ಎಷ್ಟೋ ಜನರಿಗೆ ಹೊಂಗೂದಲಿದೆ. ಅದಕ್ಕೆ ಕಾರಣ ಯುರೋಪಿನವರಲ್ಲಿ ಇಲ್ಲದ ಬೇರೊಂದು ವಂಶವಾಹಿ ಬದಲಾವಣೆ ಎಂದು 2012ರಲ್ಲಿ ವಿಜ್ಞಾನಿಗಳು ತೋರಿಸಿದರು.

ಮರುಪ್ರಶ್ನೆ: ಗಂಗಾವತಿಯ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು, ತಪಾಸಣೆಯ ಮಾತನ್ನು ನಾಳೆಯೇ ಮುಖ್ಯೋಪಾಧ್ಯಾಯರಿಗೆ ತಿಳಿಸುತ್ತೇನೆ. ಸರ್, ‘ಹೊಂಗೂದಲು’ ಮಕ್ಕಳಿಗೆ ಹೊಸ ಪದವಾದ್ದರಿಂದ ಅದನ್ನು ಹೇಗೆ ತೋರಿಸಲಿ? ಮತ್ತು ಮೂಲದಲ್ಲಿ ಅವಳನ್ನು ಕೆಲವೆಡೆ ‘ದ ಬ್ಲಾಂಡ್’ ಎಂದಷ್ಟೇ ಕರೆದಿದ್ದಾರೆ. ಅಲ್ಲಿ ‘ಹೊಂಗೂದಲಿ’ ಎನ್ನಬಹುದೇ?

ಉತ್ತರ: ಬಳ್ಳಾರಿಯ ನಿವೃತ್ತ ಕನ್ನಡ ಅಧ್ಯಾಪಕ

ತಮ್ಮ ಭಾಗದ ಹೊಲಗಳಲ್ಲಿ ಮೆಕ್ಕೆಜೋಳ ಸಿಗುತ್ತದೆ. ಎಳೆಯ ತೆನೆಯ ತುದಿಯಲ್ಲಿ ಇಳಿಬಿದ್ದ ನೂಲು ತಿಳಿಹಳದಿಯಾಗಿ, ನುಣುಪಾಗಿ ಹೊಳೆಯುತ್ತಿರುತ್ತದೆ, ಅದು ಹೊಂಗೂದಲು. ತೆನೆ ಬಲಿತಂತೆ ಅದೇ ನೂಲು ಒಣಗಿ ಕಂದಾಗುತ್ತದೆ, ಅದು ಕೆಂಚು. ಎರಡು ತೆನೆಗಳನ್ನು ಮೇಜಿನ ಮೇಲಿಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ.

‘ಹೊಂಗೂದಲಿ’ ಎಂದು ಮಾತ್ರ ಬರೆಯಬೇಡಿರಿ. ಮೈಯ ಒಂದು ಗುಣವನ್ನೇ ಮನುಷ್ಯರ ಹೆಸರಾಗಿಸಿದರೆ ‘ಕೆಂಚಿ’ ಎಂದು ಕೂಗಿದಂತೆಯೇ ಆಗುತ್ತದೆ. ಇಂಗ್ಲಿಷಿನಲ್ಲಿಯೂ ಒಬ್ಬ ಹೆಂಗಸನ್ನು ಬರೀ ‘ಬ್ಲಾಂಡ್’ ಎಂದು ಕರೆಯುವುದನ್ನು ಈಗ ಅನೇಕರು ಒಪ್ಪುವುದಿಲ್ಲ. ಮೊದಲ ಸಲ ‘ಹೊಂಗೂದಲಿನ ಹುಡುಗಿ’ ಎಂದು ಪರಿಚಯಿಸಿ, ಮುಂದೆಲ್ಲ ಅವಳ ಹೆಸರನ್ನೇ ಬಳಸಿರಿ.