508 ನ್ಯಾನೊಮೀಟರ್‌ನಲ್ಲಿ ಒಂದು ಚೂಪು ಶಿಖರ: ಯುರೋಪಿಯಂ ಬೆರೆಸಿದ ಯಟ್ರಿಯಂ ಆಕ್ಸೈಡ್ ಪುಡಿಯ ಬಗ್ಗೆ

ಪ್ರಶ್ನೆ — ಕೆಂಪುರೇಖೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಯುರೋಪಿಯಂ ಬೆರೆಸಿದ ಯಟ್ರಿಯಂ ಆಕ್ಸೈಡ್‌ನ ನ್ಯಾನೊಸ್ಫಟಿಕಗಳನ್ನು ನಾನು ದಹನ ವಿಧಾನದಲ್ಲಿ ತಯಾರಿಸುತ್ತಿದ್ದೇನೆ. ನೈಟ್ರೇಟ್ ದ್ರಾವಣಕ್ಕೆ ಇಂಧನವಾಗಿ ಲೋಳೆಸರದ ತಿರುಳನ್ನು ಸೇರಿಸಿ, 500 ಡಿಗ್ರಿಗೆ ಕಾದ ಮಫಲ್ ಕುಲುಮೆಯೊಳಗೆ ಇಟ್ಟರೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿಬರುವ ಹಾಗೆ ನೊರೆ ಎದ್ದು, ಕೆಲವೇ ನಿಮಿಷಗಳಲ್ಲಿ ಹಗುರವಾದ ಬಿಳಿ ಪುಡಿ ಉಳಿಯುತ್ತದೆ. ಅದರಲ್ಲಿ ಅರ್ಧವನ್ನು ಹಾಗೆಯೇ ಇಟ್ಟುಕೊಂಡು, ಉಳಿದರ್ಧವನ್ನು 900 ಡಿಗ್ರಿಯಲ್ಲಿ ಮೂರು ಗಂಟೆ ಸುಟ್ಟಿದ್ದೇನೆ.

ರೋಹಿತವನ್ನು, ಅಂದರೆ ಪುಡಿ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಸೂಸುತ್ತದೆ ಎಂಬ ನಕ್ಷೆಯನ್ನು, ಬೇರೊಂದು ಕಡೆ ಶುಲ್ಕ ಕಟ್ಟಿ ತೆಗೆಸಬೇಕಾಯಿತು. ಅವರು ಕಳುಹಿಸಿದ್ದು ಅಂಕಿಗಳ ಕಡತ ಮಾತ್ರ. ಉದ್ರೇಕ (ಪುಡಿಯ ಮೇಲೆ ಬಿಟ್ಟ ದೀಪದ ಬೆಳಕು) 254, ಸ್ಲಿಟ್ (ಉಪಕರಣದಲ್ಲಿ ಬೆಳಕು ಹಾಯುವ ಸೀಳು) 5 ನ್ಯಾನೊಮೀಟರ್ ಎಂಬುದನ್ನು ಬಿಟ್ಟರೆ ಬೇರೆ ವಿವರವಿಲ್ಲ. ಎರಡೂ ಮಾದರಿಗಳಲ್ಲಿ 612ರ ಕೆಂಪು ರೇಖೆಯೂ 590ರ ಆಸುಪಾಸಿನ ಗುಂಪೂ ನಿರೀಕ್ಷೆಯಂತೆ ಬಂದಿವೆ. ಆದರೆ 508ರಲ್ಲಿ ಸೂಜಿಯಂಥ ಶಿಖರವೊಂದಿದೆ. ಅದನ್ನು ಸ್ಫಟಿಕದಲ್ಲಿ ಆಮ್ಲಜನಕ ಇರಬೇಕಾದಲ್ಲಿ ಇಲ್ಲದ ಖಾಲಿ ಸ್ಥಾನಗಳಿಂದ ಬಂದ ಉತ್ಸರ್ಜನವೆಂದು (ಹೊಮ್ಮಿದ ಬೆಳಕೆಂದು) ಬರೆಯಬಹುದೇ? 612 ಮತ್ತು 590ರ ಶಿಖರಗಳ ಎತ್ತರದ ಅನುಪಾತ ಎರಡು ಮಾದರಿಗಳಲ್ಲಿ ಬೇರೆಬೇರೆ ಬರುವುದಕ್ಕೆ ಏನು ಕಾರಣ? ಸುಡದ ಪುಡಿಯ ಹೊಳಪು ಬೇಗ ಆರುತ್ತದೆ. ಕಣ ಚಿಕ್ಕದಾದ್ದರಿಂದ ಹಾಗಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಅದು ಸರಿಯೇ?

ಉತ್ತರ 1 — ಎರಡನೆಯ ಶ್ರೇಣಿ, ಮೈಸೂರು

508 ಎಂಬ ಅಂಕಿ ಕಂಡ ಕೂಡಲೇ ಅದನ್ನು ಎರಡರಿಂದ ಭಾಗಿಸಿ ನೋಡಿ: 254. ಇದು ನಿಮ್ಮ ಪುಡಿಯ ಬೆಳಕಲ್ಲ, ದೀಪದ ಬೆಳಕು. ಉಪಕರಣದಲ್ಲಿ ಬೆಳಕನ್ನು ತರಂಗಾಂತರಗಳಾಗಿ ಬಿಡಿಸುವ ಗ್ರೇಟಿಂಗ್ ಯಾವ ಕೋನದಲ್ಲಿ 508ರ ಬೆಳಕನ್ನು ಮೊದಲ ಶ್ರೇಣಿಯಲ್ಲಿ ಕಳುಹಿಸುತ್ತದೆಯೋ, ಅದೇ ಕೋನದಲ್ಲಿ 254ರ ಬೆಳಕನ್ನು ಎರಡನೆಯ ಶ್ರೇಣಿಯಲ್ಲಿ ಕಳುಹಿಸುತ್ತದೆ. ಬಿಳಿ ಪುಡಿಯು ದೀಪದ ಬೆಳಕನ್ನು ಧಾರಾಳವಾಗಿ ಚದುರಿಸುವುದರಿಂದ ಈ ಸುಳ್ಳು ಶಿಖರ ಚೆನ್ನಾಗಿಯೇ ಎದ್ದು ಕಾಣುತ್ತದೆ. ಖಾಲಿ ಸ್ಥಾನಗಳ ಉತ್ಸರ್ಜನವಾಗಿದ್ದರೆ ಅದು ಹತ್ತಾರು ನ್ಯಾನೊಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತಿತ್ತೇ ಹೊರತು ಸ್ಲಿಟ್‌ನಷ್ಟೇ ಅಗಲದ ಸೂಜಿಯಾಗುತ್ತಿರಲಿಲ್ಲ. ಉದ್ರೇಕವನ್ನು 260ಕ್ಕೆ ಬದಲಿಸಿ ಮತ್ತೊಮ್ಮೆ ತೆಗೆಸಿ. ಶಿಖರ 520ಕ್ಕೆ ಸರಿದರೆ ಚರ್ಚೆ ಅಲ್ಲಿಗೇ ಮುಗಿಯಿತು. ಫಿಲ್ಟರ್ ಇಲ್ಲವೆಂದರೆ, ಉತ್ಸರ್ಜನದ ದಾರಿಯಲ್ಲಿ ಸೂಕ್ಷ್ಮದರ್ಶಕದ ಸಾಮಾನ್ಯ ಗಾಜಿನ ಸ್ಲೈಡೊಂದನ್ನು ಅಡ್ಡ ಇಟ್ಟರೂ ಸಾಕು, 254ರ ಬೆಳಕು ಅದನ್ನು ದಾಟುವುದಿಲ್ಲ.

ಅನುಪಾತದ ವಿಷಯಕ್ಕೆ ಹೆಚ್ಚು ಗಮನ ಬೇಕು. ಘನಾಕೃತಿಯ ಯಟ್ರಿಯಂ ಆಕ್ಸೈಡ್‌ನ ಒಂದು ಏಕಕೋಶದಲ್ಲಿ (ಸ್ಫಟಿಕದಲ್ಲಿ ಮತ್ತೆ ಮತ್ತೆ ಬರುವ ಘಟಕದಲ್ಲಿ) ಲೋಹದ ಅಯಾನುಗಳಿಗೆ 32 ಸ್ಥಾನಗಳಿವೆ, ಯುರೋಪಿಯಂ ಕೂರುವುದೂ ಅವುಗಳಲ್ಲೇ. ಅವುಗಳಲ್ಲಿ 24 ಸ್ಥಾನಗಳಿಗೆ ಪ್ರತಿಲೋಮ ಕೇಂದ್ರವಿಲ್ಲ (ಸುತ್ತಲಿನ ಪರಮಾಣುಗಳು ಎದುರುಬದುರಾಗಿ ಜೋಡಿಗೊಂಡಿಲ್ಲ), ಉಳಿದ 8ಕ್ಕೆ ಇದೆ. 612ರ ರೇಖೆ ಅಂಥ ಕೇಂದ್ರವಿದ್ದಲ್ಲಿ ಅಡಗುವ ವಿದ್ಯುತ್ ದ್ವಿಧ್ರುವ ಸಂಕ್ರಮಣವಾದ್ದರಿಂದ ಮೊದಲನೆಯ ಬಗೆಯ ಸ್ಥಾನಗಳಿಂದ ಮಾತ್ರ ಬಲವಾಗಿ ಹೊರಡುತ್ತದೆ. 590ರ ಗುಂಪು ಆ ಕಟ್ಟುಪಾಡಿಲ್ಲದ ಕಾಂತೀಯ ದ್ವಿಧ್ರುವದ್ದಾದ್ದರಿಂದ ಎರಡೂ ಕಡೆಯಿಂದ ಬರುತ್ತದೆ. ಹಾಗಾಗಿ ನೀವು ಅಳೆದ ಅನುಪಾತ ಒಂದೇ ಪರಿಸರದ ಗುಣವಲ್ಲ, ಎರಡರ ಬೆರಕೆ. ಅದಕ್ಕಿಂತ ಮುಖ್ಯವಾಗಿ, 612ರ ರೇಖೆ ಬಹಳ ಕಿರಿದು. 5 ನ್ಯಾನೊಮೀಟರ್ ಸ್ಲಿಟ್ ಅದರ ತಲೆಯನ್ನು ತಟ್ಟಿ ಚಪ್ಪಟೆ ಮಾಡಿಬಿಡುತ್ತದೆ. ಸುಟ್ಟ ಮಾದರಿಯಲ್ಲಿ ರೇಖೆ ಇನ್ನಷ್ಟು ಚೂಪಾಗುವುದರಿಂದ ಆ ನಷ್ಟವೂ ಹೆಚ್ಚು. ಎತ್ತರಗಳ ಅನುಪಾತವನ್ನು ನಂಬಬೇಡಿ, 1 ನ್ಯಾನೊಮೀಟರ್ ಅಥವಾ ಅದಕ್ಕಿಂತ ಕಿರಿದಾದ ಸ್ಲಿಟ್‌ನಲ್ಲಿ ತೆಗೆಸಿ ವಿಸ್ತೀರ್ಣಗಳನ್ನು ಹೋಲಿಸಿ. 615ರಿಂದ 625ರ ನಡುವೆ ಭುಜದಂತೆ ಏನಾದರೂ ಉಬ್ಬಿದೆಯೇ ಎಂಬುದನ್ನೂ ನೋಡಿ. ಇದ್ದರೆ ಸುಡದ ಪುಡಿಯಲ್ಲಿ ಮಾನೋಕ್ಲಿನಿಕ್ ರೂಪವೋ (ಘನಾಕೃತಿಯಲ್ಲದ ಇನ್ನೊಂದು ಸ್ಫಟಿಕ ರಚನೆ), ಸ್ಫಟಿಕವಾಗದ ಭಾಗವೋ ಸೇರಿಕೊಂಡಿರಬಹುದು.

ಉತ್ತರ 2 — ನಿವೃತ್ತ ಉಪನ್ಯಾಸಕ, ಮಂಡ್ಯ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಒಂದು ಮಾತು ಸೇರಿಸುತ್ತೇನೆ. ಬೇರೆಯವರ ಉಪಕರಣದ ತರಂಗಾಂತರ ಸರಿಯಿದೆಯೇ ಎಂದು ತಿಳಿಯಲು ಹಳೆಯ ಸಿಎಫ್ಎಲ್ ಬಲ್ಬಿನ ಬೆಳಕನ್ನು ಅದಕ್ಕೆ ತೋರಿಸಿ. ಪಾದರಸದ ರೇಖೆಗಳು 404.7, 435.8 ಮತ್ತು 546.1ರಲ್ಲಿ ಬರಲೇಬೇಕು. ಆ ಬಲ್ಬಿನ ಒಳಲೇಪದಲ್ಲಿ ಕೆಂಪು ಬಣ್ಣ ಕೊಡುವುದು ಸಾಮಾನ್ಯವಾಗಿ ನೀವು ತಯಾರಿಸುತ್ತಿರುವ ಪದಾರ್ಥವೇ, ಆದ್ದರಿಂದ ಅದರ ಕೆಂಪು ರೇಖೆಯನ್ನೂ ನಿಮ್ಮದರ ಪಕ್ಕದಲ್ಲಿಟ್ಟು ನೋಡಬಹುದು.

ಲೋಳೆಸರದ ವಿಷಯದಲ್ಲಿ ನನಗೆ ತಕರಾರಿದೆ. ಈ ದಹನ ವಿಧಾನವನ್ನು 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರ ತಂಡ ಬೆಳೆಸಿದಾಗ, ಇಂಧನ ಮತ್ತು ನೈಟ್ರೇಟ್‌ಗಳ ಪ್ರಮಾಣವನ್ನು ಲೆಕ್ಕಹಾಕಿ ಹೊಂದಿಸುವುದೇ ಅದರ ಜೀವಾಳವಾಗಿತ್ತು. ಗ್ಲೈಸಿನ್ ಅಥವಾ ಯೂರಿಯಾ ಆದರೆ ಆ ಲೆಕ್ಕ ಕೂಡುತ್ತದೆ. ಹಿತ್ತಲಿನ ಲೋಳೆಸರದಲ್ಲಿ ಈ ವಾರ ಎಷ್ಟು ನೀರಿದೆ, ಎಷ್ಟು ಕ್ಯಾಲ್ಸಿಯಂ ಇದೆ ಎಂದು ತೂಗಿದವರು ಯಾರು? ಹಸಿರು ವಿಧಾನವೆಂಬ ಹಣೆಪಟ್ಟಿ ಚೆನ್ನಾಗಿದೆ, ಆದರೆ ಎರಡನೆಯ ಸಲ ಅದೇ ಪುಡಿ ಬರದಿದ್ದರೆ ರೋಹಿತವನ್ನು ಯಾವುದಕ್ಕೆ ಹೋಲಿಸುತ್ತೀರಿ? ಗ್ಲೈಸಿನ್‌ನಲ್ಲಿ ಒಂದು ಮಾದರಿ ಮಾಡಿಟ್ಟುಕೊಳ್ಳಿ.

ಉತ್ತರ 3 — ಮಿಲಿಸೆಕೆಂಡ್, ಮೈಸೂರು

ಹೊಳಪು ಆರುವ ವೇಗದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಿಮ್ಮ ಹಿರಿಯರು ಕೊಟ್ಟ ಉತ್ತರ ಹೆಚ್ಚುಕಡಿಮೆ ತಲೆಕೆಳಗಾಗಿದೆ. ದೊಡ್ಡ ಸ್ಫಟಿಕದಲ್ಲಿ ಈ ಹೊಳಪಿನ ಆಯುಸ್ಸು ಸುಮಾರು 1 ಮಿಲಿಸೆಕೆಂಡ್. ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಕಣದ ಸುತ್ತ ಗಾಳಿಯೇ ಇದ್ದರೆ, ಅಯಾನು ಅನುಭವಿಸುವ ವಕ್ರೀಭವನ ಸೂಚ್ಯಂಕ ಕಡಿಮೆಯಾಗಿ, ಬೆಳಕು ಹೊರಬೀಳುವ ದರವೂ ಇಳಿದು, ಆಯುಸ್ಸು ಹೆಚ್ಚಬೇಕು. ಹಾಗಿದ್ದೂ ನಿಮ್ಮ ಪುಡಿ ಬೇಗ ಆರುತ್ತಿದೆಯೆಂದರೆ ಶಕ್ತಿ ಬೇರೆಲ್ಲೋ ಸೋರುತ್ತಿದೆ.

ಲೆಕ್ಕ ಹೀಗಿದೆ: ಯುರೋಪಿಯಂನ ಹೊಳೆಯುವ ಮಟ್ಟಕ್ಕೂ ಅದರ ಕೆಳಗಿನ ಮಟ್ಟಕ್ಕೂ ನಡುವೆ, ತರಂಗಸಂಖ್ಯೆಯಲ್ಲಿ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಎಂದು ಶಕ್ತಿಯನ್ನು ಅಳೆಯುವ ರೀತಿ) ಹೇಳುವುದಾದರೆ, ಸುಮಾರು 12,000ದ ಅಂತರವಿದೆ. ಯಟ್ರಿಯಂ ಆಕ್ಸೈಡ್ ಜಾಲಕದ ಕಂಪನ ಹೆಚ್ಚೆಂದರೆ 600ರಷ್ಟು. ಅಂತರವನ್ನು ಇಳಿಯಲು ಇಪ್ಪತ್ತು ಮೆಟ್ಟಿಲು ಬೇಕು, ಅದು ನಡೆಯುವ ಮಾತಲ್ಲ. ಮೇಲ್ಮೈಗೆ ಅಂಟಿದ, ನೀರಿನಿಂದ ಬರುವ OH ಗುಂಪಾದ ಹೈಡ್ರಾಕ್ಸಿಲ್‌ನ ಕಂಪನವಾದರೋ ಸುಮಾರು 3,400. ಮೂರು-ನಾಲ್ಕು ಮೆಟ್ಟಿಲಲ್ಲೇ ಕೆಲಸ ಮುಗಿಯುತ್ತದೆ. ಚಿಕ್ಕ ಕಣದಲ್ಲಿ ಮೇಲ್ಮೈಗೆ ಹತ್ತಿರದ ಅಯಾನುಗಳು ಹೆಚ್ಚು ಎಂಬಷ್ಟರ ಮಟ್ಟಿಗೆ ನಿಮ್ಮ ಹಿರಿಯರ ಮಾತು ಸರಿ. ಅವಕೆಂಪು (ಇನ್ಫ್ರಾರೆಡ್) ರೋಹಿತ ತೆಗೆಸಿದರೆ 3,400ರ ಅಗಲ ಪಟ್ಟಿಯೂ 1,400–1,500ರ ಕಾರ್ಬೋನೇಟ್ ಪಟ್ಟಿಗಳೂ ಸುಡದ ಪುಡಿಯಲ್ಲಿ ಕಾಣಬೇಕು, ಸುಟ್ಟದ್ದರಲ್ಲಿ ಕುಗ್ಗಿರಬೇಕು. ಸುಟ್ಟ ಪುಡಿಯನ್ನು ತೆರೆದ ಸೀಸೆಯಲ್ಲಿಟ್ಟರೆ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಅದು ಮತ್ತೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಂತೂ ಡೆಸಿಕೇಟರ್ (ತೇವ ಹೀರುವ ಮುಚ್ಚಿದ ಪಾತ್ರೆ) ಬಿಟ್ಟು ಹೊರಗೆ ಇಡಬೇಡಿ.

ಕೆಂಪುರೇಖೆ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ಈ ಬಾರಿ ನಾನೇ ಹೋಗಿ ಉಪಕರಣದ ಪಕ್ಕದಲ್ಲಿ ಕೂತೆ. 260ಕ್ಕೆ ಬದಲಿಸಿದಾಗ ಶಿಖರ 520ಕ್ಕೆ ಸರಿಯಿತು, ಗಾಜಿನ ಸ್ಲೈಡ್ ಇಟ್ಟಾಗ ಪೂರ್ತಿ ಮಾಯವಾಯಿತು. ಖಾಲಿ ಸ್ಥಾನಗಳ ಬಗ್ಗೆ ಬರೆದಿದ್ದ ಎರಡು ಪುಟಗಳನ್ನು ತೆಗೆದುಹಾಕಿದ್ದೇನೆ. ಕಿರಿದಾದ ಸ್ಲಿಟ್‌ನಲ್ಲಿ ಸುಡದ ಪುಡಿಗೆ ಮಾತ್ರ 624ರ ಹತ್ತಿರ ಸಣ್ಣ ಭುಜವೊಂದು ಕಾಣುತ್ತಿದೆ. ಅದು ಮಾನೋಕ್ಲಿನಿಕ್ ರೂಪವೇ ಎಂದು ತಿಳಿಯಲು ಎಕ್ಸ್-ಕಿರಣ ವಿವರ್ತನೆಗೆ ಕೊಟ್ಟಿದ್ದೇನೆ. ಗ್ಲೈಸಿನ್ ಮಾದರಿಯನ್ನು ಸೋಮವಾರ ಕುಲುಮೆಗೆ ಇಡುತ್ತೇನೆ.