ಕುಮಾರ ಪರ್ವತ, ಕುಕ್ಕೆ ಕಡೆಯಿಂದ: ನೀರು, ಉಂಬಳ, ಮಂಡಿನೋವು

ಚಾರಣಪ್ರಿಯ: ನವೆಂಬರ್ ಕೊನೆಗೆ ಐದು ಜನ ಗೈಡ್ ಜೊತೆ ಹೊರಟಿದ್ದೇವೆ. ಮೊದಲ ದಿನ ದಾರಿಮಧ್ಯೆ ಊಟ, ತಂಗಲು ಜಾಗ ಸಿಗುವ ಭಟ್ಟರ ಮನೆ, ಮರುದಿನ ತುದಿ ಮುಟ್ಟಿ ನೇರ ಕುಕ್ಕೆಗೆ. ನೀರು ಎಷ್ಟು ಹೊರಬೇಕು? ಉಂಬಳ (ಜಿಗಣೆ) ಇರುತ್ತಾ? ಒಬ್ಬರಿಗೆ ಮಂಡಿನೋವಿದೆ.

ಘಟ್ಟದ ಕೆಳಗಿನವ: ಭಟ್ಟರ ಮನೆವರೆಗೆ ದಟ್ಟ ಕಾಡು, ನೆರಳಿದೆ; ಒಬ್ಬರಿಗೆ ಎರಡು ಲೀಟರ್ ಸಾಕು. ಊಟಕ್ಕೆ ಮೊದಲೇ ಫೋನ್ ಮಾಡಿ ಹೇಳಿಡಿ. ಕಷ್ಟ ಶುರುವಾಗುವುದು ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದ ಮೇಲೆ. ಅಲ್ಲಿಂದ, ತುದಿಗೆ ಮೊದಲು ಸಿಗುವ ಶೇಷ ಪರ್ವತದವರೆಗೆ ಬಹುಪಾಲು ಬೋಳು ಹುಲ್ಲುಗಾವಲು. ಬೆಳಿಗ್ಗೆ ಆರಕ್ಕೇ ಎದ್ದು ಹೊರಡಿ, ತಲಾ ಮೂರು ಲೀಟರ್ ತುಂಬಿಕೊಳ್ಳಿ, ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿ. ಆ ದಾರಿಯಲ್ಲೇ ಸಿಗುವ ಕಲ್ಲು ಮಂಟಪದ ಹತ್ತಿರದ ತೊರೆಯಲ್ಲಿ ಮಳೆ ಮುಗಿದ ಹೊಸತರಲ್ಲಿ ನೀರಿರುತ್ತೆ, ಬೇಸಿಗೆ ಹತ್ತಿರವಾದಂತೆ ಬತ್ತುತ್ತೆ. ಅದನ್ನೇ ನೆಚ್ಚಿಕೊಳ್ಳಬೇಡಿ, ಗೈಡನ್ನು ಹಿಂದಿನ ರಾತ್ರಿಯೇ ಕೇಳಿ. ಶೇಷ ಪರ್ವತ ದಾಟಿ ಶೋಲಾ ಕಾಡಿಗೆ (ಹುಲ್ಲುಗುಡ್ಡಗಳ ನಡುವಿನ ಕಣಿವೆಯ ಕಾಡು) ಇಳಿದು ಮತ್ತೆ ಹತ್ತುವಾಗ ಸಿಗುವ ಬಂಡೆ ಒದ್ದೆಯಿದ್ದರೆ ಬಹಳ ಜಾರುತ್ತೆ. ಅಲ್ಲಿ ಕೈ ಎರಡೂ ಖಾಲಿ ಇರಲಿ.

ಮಲೆನಾಡು_ನಡಿಗೆ: ಉಂಬಳ ಕೆಳಗಿನ ಕಾಡಿನಲ್ಲೇ ಹೆಚ್ಚು, ಹಿಂದಿನ ದಿನ ಮಳೆ ಬಿದ್ದಿದ್ದರೆ ಖಂಡಿತ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲಕ್ಕೆ ಉಪ್ಪು, ಹೊಗೆಸೊಪ್ಪಿನ ನೀರು ಹಚ್ಚಿ. ಮಳೆಗೆ ತೊಳೆದುಹೋದರೆ ಮತ್ತೆ ಹಚ್ಚಬೇಕು. ಕಚ್ಚಿ ಹಿಡಿದದ್ದರ ಮೇಲೆ ಮಾತ್ರ ಉಪ್ಪು ಹಾಕಬೇಡಿ, ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಕಚ್ಚಿದ ಸಪೂರ ತುದಿಯನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಆಮೇಲೂ ಸೋರುತ್ತೆ. ತೊಳೆದು ಬಟ್ಟೆ ಒತ್ತಿಹಿಡಿದರೆ ಸಾಕು, ಗಾಬರಿ ಬೇಡ.

ಘಟ್ಟದ ಕೆಳಗಿನವ: ಮಂಡಿನೋವಿನ ಮಾತು ಬಿಟ್ಟುಹೋಗಿತ್ತು. ನಿಮ್ಮ ಯೋಜನೆಯಲ್ಲಿ ಬದಲಿಸಬೇಕಾದ್ದು ಇದೊಂದೇ. ತುದಿ 1,712 ಮೀಟರ್. ಅಲ್ಲಿಂದ ಒಂದೇ ದಿನ ಕುಕ್ಕೆಗೆ ಇಳಿದರೆ ಸುಮಾರು 1,600 ಮೀಟರ್ ಇಳಿಜಾರು, ಅದರಲ್ಲೂ ಕೊನೆಯ ಕಾಡುದಾರಿ ಬೇರು, ಕಲ್ಲು. ದಣಿದ ತೊಡೆ ಭಾರ ತಡೆಯದಾದಾಗ ಎಲ್ಲಾ ಮಂಡಿಗೆ ಬೀಳುತ್ತೆ. ಎರಡನೇ ರಾತ್ರಿಯೂ ಭಟ್ಟರ ಮನೆಯಲ್ಲೇ ತಂಗಲು ಸಾಧ್ಯವೇ ಎಂದು ಬುಕಿಂಗ್ ಮಾಡುವಾಗಲೇ ವಿಚಾರಿಸಿ, ಮೂರನೇ ಬೆಳಿಗ್ಗೆ ನಿಧಾನ ಇಳಿಯಿರಿ. ಮಂಡಿನೋವಿನವರಿಗೆ ಎರಡು ಊರುಗೋಲು ಇರಲಿ, ಇಳಿಯುವಾಗ ತುಸು ಉದ್ದ ಮಾಡಿಕೊಳ್ಳಲಿ. ತುದಿಯಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಆ ಲೆಕ್ಕ ಬೇಡ.

ಸೋಮವಾರಪೇಟೆ_ಕಡೆ: ಮೂರು ದಿನ ಸಿಗದಿದ್ದರೆ ಬೆಟ್ಟದ ಆಚೆ ಬದಿಯ, ಕೊಡಗಿನ ನಮ್ಮ ಬೀದಳ್ಳಿ ಕಡೆಯಿಂದ ಹತ್ತಿ, ಅದೇ ದಾರಿಯಲ್ಲಿ ಇಳಿಯಿರಿ. ಶುರುವಾಗುವ ಜಾಗವೇ ಎತ್ತರದಲ್ಲಿದೆ, ದೂರವೂ ಕಡಿಮೆ. ಪರ್ಮಿಟ್ ಮಾತ್ರ ಯಾವ ಕಡೆಯದೋ ಆ ಕಡೆಗೇ ತೆಗೆದುಕೊಳ್ಳಿ.